ಕಬ್ಬಿಣದ ಸಿರಪ್ ಮನೆಗೆ ಬರುವ ಮುಂಚೆ ನೀರು ನೋಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಆಶಾ ಕಾರ್ಯಕರ್ತೆಯರು ಪುಟ್ಟ ಮಕ್ಕಳಿಗೆ ತಲುಪಿಸುವ ಕಬ್ಬಿಣಾಂಶದ ಸಿರಪ್ ಬಗ್ಗೆ ಈ ಪತ್ರ. ಸಿರಪ್ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಖಂಡಿತ ನಿಲ್ಲಿಸಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೂವರಲ್ಲಿ ಇಬ್ಬರಿಗೆ. ಹಿಂದಿನ ಸಮೀಕ್ಷೆಗಿಂತ ಇದು ಜಾಸ್ತಿ. ನಾನು ಹೇಳಬೇಕಿರುವುದು, ಆ ಸಿರಪ್ ಹೊಟ್ಟೆಗೆ ಹೋದ ಮೇಲೆ ಅಲ್ಲಿ ಏನಾಗುತ್ತದೆ ಅನ್ನುವುದನ್ನು.

ಒಂದು ಡೋಸ್ ಅಂದರೆ 1 ಮಿಲಿ. ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮಗುವಿನ ಮೈಗೆ ಹತ್ತುವುದು ಅದರಲ್ಲಿ ಸ್ವಲ್ಪವೇ. ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ. ಸಿರಪ್ ಕುಡಿದ ಮಗುವಿನ ಮಲ ಕಪ್ಪಾಗುವುದು ಅದಕ್ಕೇ. ದೊಡ್ಡ ಕರುಳಲ್ಲಿ ಎಣಿಸಲಾಗದಷ್ಟು ಬ್ಯಾಕ್ಟೀರಿಯಾ ಇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕಬ್ಬಿಣ ಇಲ್ಲದೆ ಬದುಕಿಲ್ಲ.

ಇದು ಗೊತ್ತಿದ್ದೇ ಇರಬೇಕು, ನಮ್ಮ ದೇಹ ಕಬ್ಬಿಣವನ್ನು ಎಲ್ಲೂ ಬಿಡಿಯಾಗಿ ಬಿಟ್ಟಿಲ್ಲ. ರಕ್ತದಲ್ಲಿ ಅದನ್ನು ಟ್ರಾನ್ಸ್‌ಫೆರಿನ್ ಹಿಡಿದುಕೊಂಡಿರುತ್ತದೆ. ಜೀವಕೋಶದೊಳಗೆ ಫೆರಿಟಿನ್. ತಾಯಿ ಹಾಲಿನಲ್ಲಿ ಲ್ಯಾಕ್ಟೋಫೆರಿನ್. ಹೀಗೆ ಕಟ್ಟಿಟ್ಟದ್ದನ್ನು ಕಸಿದುಕೊಳ್ಳಲು ಬ್ಯಾಕ್ಟೀರಿಯಾ ಕಂಡುಕೊಂಡ ದಾರಿಯೇ ಸಿಡರೋಫೋರ್. ಮೀನಿಗೆ ಬಲೆ ಬೀಸಿದ ಹಾಗೆ ಅವು ಒಂದು ಸಣ್ಣ ಅಣುವನ್ನು ಹೊರಗೆ ಬಿಡುತ್ತವೆ. ಕಬ್ಬಿಣ ಅದಕ್ಕೆ ಸಿಕ್ಕಿಕೊಂಡ ಮೇಲೆ ಎರಡನ್ನೂ ಒಳಕ್ಕೆ ಎಳೆದುಕೊಳ್ಳುತ್ತವೆ.

ಪ್ರತಿ ವರ್ಷ ಲ್ಯಾಬ್‌ನಲ್ಲಿ ಮಕ್ಕಳಿಗೆ ಇದನ್ನು ತೋರಿಸುತ್ತೇನೆ. ಕ್ರೋಮ್ ಅಜುರಾಲ್ ಅನ್ನುವ ಬಣ್ಣ ಬೆರೆಸಿದ ಅಗಾರ್ ತಟ್ಟೆ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ತಟ್ಟೆ) ಕಡು ನೀಲಿ ಇರುತ್ತದೆ. ಕಬ್ಬಿಣವನ್ನು ಹಿಡಿದುಕೊಂಡಿರುವವರೆಗೆ ಮಾತ್ರ ಆ ಬಣ್ಣ ನೀಲಿ. ಅದರ ಮೇಲೆ ಕರುಳಿನಲ್ಲಿರುವ ಇ. ಕೊಲೈ ಅನ್ನುವ ಬ್ಯಾಕ್ಟೀರಿಯಾ ಹಾಕಿ ಇನ್‌ಕ್ಯುಬೇಟರ್‌ನಲ್ಲಿ ಇಡುತ್ತೇವೆ. ತೆಗೆದು ನೋಡಿದಾಗ ಪ್ರತಿ ಚುಕ್ಕೆಯ ಸುತ್ತ ಕಿತ್ತಳೆ ಬಣ್ಣದ ಉಂಗುರ. ಬ್ಯಾಕ್ಟೀರಿಯಾ ಇನ್ನೂ ತಲುಪದ ಜಾಗದಲ್ಲೂ ಬಣ್ಣದ ಕೈಯಿಂದ ಕಬ್ಬಿಣ ಕಿತ್ತಾಗಿದೆ! ಇ. ಕೊಲೈನ ಆ ಅಣುವಿನ ಹೆಸರು ಎಂಟೆರೋಬ್ಯಾಕ್ಟಿನ್. ಕಬ್ಬಿಣವನ್ನು ಇದಕ್ಕಿಂತ ಬಿಗಿಯಾಗಿ ಹಿಡಿಯುವ ಅಣುಗಳು ಪ್ರಕೃತಿಯಲ್ಲಿ ಸಿಗುವುದು ಬಹಳ ಅಪರೂಪ.

ದೇಹವೂ ಸುಮ್ನೆ ಕೂತಿಲ್ಲ. ಲಿಪೋಕ್ಯಾಲಿನ್-2 ಅನ್ನುವ ಪ್ರೋಟೀನ್ ಎಂಟೆರೋಬ್ಯಾಕ್ಟಿನ್ ಅನ್ನೇ ಹಿಡಿದು ಹಾಕುತ್ತದೆ. ಇದು ತಿಳಿದದ್ದು 2002ರಲ್ಲಿ. ಆದರೆ ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಇದಕ್ಕೂ ಉಪಾಯ ಹೂಡಿದೆ. ಅದೇ ಅಣುವಿಗೆ ಗ್ಲೂಕೋಸ್ ಅಂಟಿಸಿಬಿಡುತ್ತದೆ. ಆಗ ಲಿಪೋಕ್ಯಾಲಿನ್ ಹಿಡಿತಕ್ಕೆ ಅದು ಸಿಗುವುದಿಲ್ಲ. ಇನ್ನೊಂದು ಕಡೆ, ಮೊಸರಿನ ಬಳಗದ ಲ್ಯಾಕ್ಟೋಬ್ಯಾಸಿಲಸ್‌ಗಳಲ್ಲಿ ಹಲವಕ್ಕೆ ಕಬ್ಬಿಣ ಬೇಕಾಗುವುದೇ ಇಲ್ಲ ಅನ್ನಬಹುದು. ಕಬ್ಬಿಣ ಕಡಿಮೆ ಇದ್ದಾಗ ಇಂಥ ಒಳ್ಳೆಯವಕ್ಕೆ ಅನುಕೂಲ. ಕರುಳಿಗೆ ಕಬ್ಬಿಣ ಸುರಿದಾಗ ಲಾಭ ಆಗುವುದು ಅದಕ್ಕಾಗಿ ಹಪಹಪಿಸುವವಕ್ಕೆ.

(ಎಲ್ಲ ಬ್ಯಾಕ್ಟೀರಿಯಾ ಬರೀ ಕಸಿಯುತ್ತವೆ ಅಂತಲೂ ಅಲ್ಲ. 2018ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು ಒಂದು ಪುಟ್ಟ ದುಂಡುಹುಳುವಿನಲ್ಲಿ ಇದೇ ಎಂಟೆರೋಬ್ಯಾಕ್ಟಿನ್ ಹುಳುವಿನ ಜೀವಕೋಶಗಳಿಗೂ ಕಬ್ಬಿಣ ಒದಗಿಸುತ್ತದೆ ಅಂತ ತೋರಿಸಿದರು. ಭೇದಿ ಅಂದ ಕೂಡಲೇ ಆ್ಯಂಟಿಬಯಾಟಿಕ್ ಕೊಟ್ಟು ಎಲ್ಲವನ್ನೂ ಕೊಲ್ಲುವವರು ಇದನ್ನು ಯೋಚಿಸಬೇಕು.)

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಐವರಿ ಕೋಸ್ಟ್‌ನಲ್ಲಿ ಶಾಲಾ ಮಕ್ಕಳಿಗೆ ಆರು ತಿಂಗಳು ಕಬ್ಬಿಣ ಸೇರಿಸಿದ ಬಿಸ್ಕೆಟ್ ಕೊಟ್ಟು ನೋಡಿದರು. 2010ರಲ್ಲಿ ಅದರ ಫಲಿತಾಂಶ ಬಂತು. ರೋಗ ತರುವ ಬಳಗದ ಬ್ಯಾಕ್ಟೀರಿಯಾ ಹೆಚ್ಚಿದ್ದವು, ಲ್ಯಾಕ್ಟೋಬ್ಯಾಸಿಲಸ್ ಇಳಿದಿದ್ದವು, ಕರುಳಿನ ಉರಿಯೂತ ಏರಿತ್ತು. ಕೀನ್ಯಾದ ಹಸುಗೂಸುಗಳಲ್ಲೂ 2015ರಲ್ಲಿ ಇಂಥದ್ದೇ ಕಂಡಿತು. ಆದರೆ ದಕ್ಷಿಣ ಆಫ್ರಿಕಾದಲ್ಲಿ ರೋಗಾಣುಗಳ ಕಾಟ ಕಡಿಮೆ ಇರುವ ಕಡೆ 38 ವಾರ ಮಾತ್ರೆ ಕೊಟ್ಟರೂ ಮಕ್ಕಳ ಕರುಳಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಕಬ್ಬಿಣ ಎಲ್ಲ ಕಡೆಯೂ ಕಬ್ಬಿಣವೇ. ಕರುಳಿನಲ್ಲಿ ಮೊದಲೇ ಯಾರು ಕೂತಿದ್ದಾರೆ ಅನ್ನುವುದು ಊರಿಂದೂರಿಗೆ ಬೇರೆ. ಅದನ್ನು ಬಹುಪಾಲು ತೀರ್ಮಾನಿಸುವುದು ಕುಡಿಯುವ ನೀರು ಮತ್ತು ಶೌಚ.

ಬೆಂಗಳೂರಿನ ಸ್ಥಿತಿ ನಿಮಗೆ ಗೊತ್ತಿದೆ ಸಾರ್. ಎಷ್ಟೋ ಬಡಾವಣೆಗಳಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ನೀರು ನಿಂತಾಗ ಪೈಪಿನ ಒತ್ತಡ ಇಳಿಯುತ್ತದೆ. ಪಕ್ಕದಲ್ಲೇ ಒಳಚರಂಡಿ ಸೋರುತ್ತಿದ್ದರೆ ಬಿರುಕಿನಿಂದ ಕೊಳಕು ಒಳಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಬಿಂದಿಗೆಯಲ್ಲಿ ಬರುವುದು ಅದೇ. ಇನ್ನು ಟ್ಯಾಂಕರ್ ನೀರು, ವರ್ಷಗಟ್ಟಲೆ ತೊಳೆಯದ ಸಂಪು. ಅದೇ ಮನೆಯ ಮಗುವಿಗೆ ವಾರಕ್ಕೆ ಎರಡು ಸಲ ಸಿರಪ್.

ನನ್ನ ಬೇಡಿಕೆ ದೊಡ್ಡದೇನಲ್ಲ. ಸಿರಪ್ ನಿಮ್ಮ ಇಲಾಖೆಯದು, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ನೀರು ಜಲಮಂಡಳಿಯದು. ಮಗುವಿನ ಕರುಳು ಮಾತ್ರ ಒಂದೇ. ದಯವಿಟ್ಟು ಮೂವರನ್ನೂ ಒಂದು ಮೇಜಿಗೆ ಕೂರಿಸಿ. ನಗರದ ಪ್ರತಿ ಅಂಗನವಾಡಿಯ ಕುಡಿಯುವ ನೀರನ್ನು ಪ್ರತಿ ತಿಂಗಳು ಎಚ್‌2ಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿಯಲ್ಲಿ ಪರೀಕ್ಷೆ ಮಾಡಿಸಿ. ಇದು ಅಗ್ಗದ ಪರೀಕ್ಷೆ, ಕಾರ್ಯಕರ್ತೆಯೇ ಮಾಡಬಹುದು. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಮಲದ ಅಂಶ ಸೇರಿದೆ ಅಂತ ಅನುಮಾನಿಸಬೇಕು. ಕಪ್ಪಾದ ಕಡೆ ಪೈಪ್ ರಿಪೇರಿ ಆಗುವವರೆಗೆ ಶುದ್ಧ ನೀರಿನ ಕ್ಯಾನ್ ಕಳಿಸಿ. ಆ ಬೀದಿಯ ಮನೆಗಳಿಗೂ ಹೇಳಿ.

ಇನ್ನೊಂದು ಮಾತು. ಜ್ವರ, ಭೇದಿ ಇರುವಾಗ ಸಿರಪ್ ಕೊಡಬಾರದು ಅಂತ ಮಾರ್ಗಸೂಚಿಯಲ್ಲೇ ಇದೆ. ಅದು ಮನೆ ಬಾಗಿಲಿಗೆ ತಲುಪಿಲ್ಲ. ನಮ್ಮ ಬೀದಿಯ ಒಬ್ಬ ತಾಯಿ ಮಗುವಿಗೆ ಭೇದಿ ಇದ್ದರೂ ಶಕ್ತಿ ಬರಲಿ ಅಂತ ಸಿರಪ್ ಹಾಕುತ್ತಿದ್ದರು. ಇನ್ನೊಬ್ಬರು ಕಪ್ಪು ಮಲ ನೋಡಿ ಹೆದರಿ ಬಾಟಲಿಯನ್ನೇ ಎಸೆದರು. ತಪ್ಪಿದ ಡೋಸನ್ನು ಮಾರನೇ ದಿನ ಎರಡು ಪಟ್ಟು ಕೊಡುವವರೂ ಇದ್ದಾರೆ. ಹಾಗೆ ಕೊಟ್ಟರೆ ಮೈಗೆ ಹತ್ತದ ಪಾಲು ಇನ್ನಷ್ಟು ಹೆಚ್ಚುತ್ತದೆ ಅಷ್ಟೇ. ಇವರಲ್ಲಿ ಯಾರದೂ ತಪ್ಪಿಲ್ಲ. ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ. ಬಾಟಲಿಯ ಜೊತೆ ದೊಡ್ಡ ಅಕ್ಷರದ ಒಂದು ಕನ್ನಡ ಚೀಟಿ ಕೊಡಿಸಿ: ಭೇದಿ ಇದ್ದರೆ ನಿಲ್ಲಿಸಿ, ಗುಣವಾದ ಮೇಲೆ ಮುಂದುವರಿಸಿ. ಮಲ ಕಪ್ಪಾದರೆ ಹೆದರಬೇಡಿ. ಟೀ ಜೊತೆ ಕೊಡಬೇಡಿ, ಊಟದಲ್ಲಿ ನಿಂಬೆಹುಳಿ ಇರಲಿ. ನಿಂಬೆ ಇದ್ದರೆ ಕಬ್ಬಿಣ ಹೆಚ್ಚು ಹತ್ತುತ್ತದೆ.

ನೀರಿನ ಪರೀಕ್ಷೆಗೆ ಕೈ ಸಾಲದಿದ್ದರೆ ಈ ನಗರದಲ್ಲಿ ಮೈಕ್ರೋಬಯಾಲಜಿ ಓದುವ ಹುಡುಗ ಹುಡುಗಿಯರು ಬೇಕಾದಷ್ಟು ಇದ್ದಾರೆ. ಒಂದು ಆದೇಶ ಹೊರಡಿಸಿ, ಹತ್ತಿರದ ಅಂಗನವಾಡಿಗಳ ಪಟ್ಟಿ ಕಾಲೇಜುಗಳಿಗೆ ಕಳಿಸಿ. ನನ್ನ ತರಗತಿಯನ್ನು ಕರೆದುಕೊಂಡು ಬರಲು ನಾನು ತಯಾರಿದ್ದೇನೆ.

ಇಂತಿ,
ಮೈಕ್ರೋಬಯಾಲಜಿ ಉಪನ್ಯಾಸಕಿ, ಬೆಂಗಳೂರು