ಪುಟ್ಟಿಯ ಜೊತೆ ಥೀಮ್ ಪಾರ್ಕಿಗೆ ಹೊರಟ ಗೆಳೆಯನಿಗೆ

ಗೆಳೆಯಾ,

ಪುಟ್ಟಿಗೆ ಈಗಿನ್ನೂ ನಾಲ್ಕು ವರ್ಷ, ಥೀಮ್ ಪಾರ್ಕಿಗೆ ಕರೆದುಕೊಂಡು ಹೋದರೆ ಬೇಗ ಆಯ್ತಾ ಅಂತ ಕೇಳಿದ್ದೆಯಲ್ಲ. ಬೇಗ ಏನೂ ಅಲ್ಲ, ಆರಾಮಾಗಿ ಹೋಗಿ ಬನ್ನಿ. ಆದರೆ ಕೊಟ್ಟ ಕಾಸು ಗಿಟ್ಟಬೇಕು ಅನ್ನುವ ಲೆಕ್ಕವನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗು. ಎಷ್ಟೋ ಮನೆಯವರ ದಿನ ಹಾಳಾಗುವುದು ಆ ಲೆಕ್ಕದಿಂದಲೇ. ಗೇಟು ತೆಗೆಯುವಾಗ ಒಳಗೆ ಹೋಗಿ ದೀಪ ಆರುವ ತನಕ ಇರಬೇಕು, ಮ್ಯಾಪಿನಲ್ಲಿ ಇರುವುದನ್ನೆಲ್ಲ ಮುಗಿಸಬೇಕು ಅಂತ ಹೊರಡುತ್ತಾರೆ. ಮಧ್ಯಾಹ್ನ ನೋಡಿದರೆ ಮಗು ನೆಲದ ಮೇಲೆ ಬಿದ್ದು ಹೊರಳಾಡುತ್ತಿರುತ್ತದೆ, ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ರೇಗುತ್ತಿರುತ್ತಾರೆ.

ಆ ವಯಸ್ಸಿನ ಮಗುವಿಗೆ ಪಟ್ಟಿ ಗಿಟ್ಟಿ ಏನೂ ಇರುವುದಿಲ್ಲ. ಒಂದು ಆಟ ಹಿಡಿಸಿದರೆ ಮುಗೀತು, ಅದೇ ಬೇಕು, ಮತ್ತೆ ಅದೇ ಬೇಕು. ನನ್ನ ಮಗನಿಗೆ ಹಿಡಿಸಿದ್ದು ಮೆರ್ರಿ ಗೋ ರೌಂಡ್. ಅದರಲ್ಲೂ ಮೇಲೆ ಕೆಳಗೆ ಹಾರುವ ಕುದುರೆ ಬೇಡ, ನಿಂತಲ್ಲೇ ನಿಂತಿರುವ ಕಂದು ಕುದುರೆಯೇ ಆಗಬೇಕು. ಅದರ ಕಿವಿಯ ಹತ್ತಿರ ಬಣ್ಣ ಎದ್ದುಹೋಗಿ ಒಂದು ಬಿಳಿ ಚುಕ್ಕೆ ಆಗಿತ್ತು. ಹತ್ತಿದ ಕೂಡಲೇ ಆ ಚುಕ್ಕೆಯ ಮೇಲೆ ಹೆಬ್ಬೆರಳು ಇಡುತ್ತಿದ್ದ, ನಿಂತ ಮೇಲೆ ತೆಗೆಯುತ್ತಿದ್ದ. ಆ ಕುದುರೆಯ ಮೇಲೆ ಬೇರೆ ಮಗು ಕೂತಿದ್ದರೆ ಮುಂದಿನ ಸುತ್ತಿಗೆ ಕಾಯೋಣ ಅನ್ನುತ್ತಿದ್ದ. ಕಾದೆವು. ಅಷ್ಟು ದೂರ ಬಂದು ಇಷ್ಟೇನಾ ಅಂತ ನಿನಗೆ ಅನ್ನಿಸಬಹುದು. ಅನ್ನಿಸಲಿ. ಪುಟ್ಟಿ ಒಂದೇ ಆಟಕ್ಕೆ ಅಂಟಿಕೊಂಡರೆ ಎಳೆದುಕೊಂಡು ಹೋಗಬೇಡ, ಅಷ್ಟೆ.

ಈ ಮೆರ್ರಿ ಗೋ ರೌಂಡಿಗೆ ಒಂದು ಕತೆ ಉಂಟು. ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದನಂತೆ. ಮಕ್ಕಳು ಕುದುರೆ ಮೇಲೆ ಸುತ್ತುವಾಗ ಇವನು ಬೆಂಚಿನ ಮೇಲೆ ಸುಮ್ನೆ ಕೂತಿರಬೇಕು. ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಆಡುವ ಜಾಗ ಒಂದಿದ್ದರೆ ಎಷ್ಟು ಚೆನ್ನ ಅನ್ನುವ ಯೋಚನೆ ಬಂದಿದ್ದು ಆಗ ಅಂತ ಅವನೇ ಹೇಳಿಕೊಂಡಿದ್ದಾನೆ. ಹಾಗೆ ಅವನು ಅಮೆರಿಕದಲ್ಲಿ ಕಟ್ಟಿಸಿದ ಪಾರ್ಕು ಡಿಸ್ನಿಲ್ಯಾಂಡ್ ಶುರುವಾಗಿದ್ದು 1955ರ ಜುಲೈ 17ರಂದು. ಮೊದಲ ದಿನವೇ ಸುಡು ಬಿಸಿಲು, ನಕಲಿ ಟಿಕೆಟ್ ಹಿಡಿದು ಬಂದವರ ನೂಕುನುಗ್ಗಲು, ಕುಡಿಯುವ ನೀರಿನ ನಲ್ಲಿಗಳಲ್ಲಿ ಎಷ್ಟೋ ಕಡೆ ನೀರಿಲ್ಲ. ಅವರ ಪಾಡೇ ಹಾಗಾಗಿದ್ದ ಮೇಲೆ ನಮ್ಮ ಪ್ಲಾನು ಸ್ವಲ್ಪ ಏರುಪೇರಾದರೆ ಬೇಜಾರು ಮಾಡಿಕೊಳ್ಳುವುದು ಯಾಕೆ, ಅಲ್ವಾ? ನನ್ನನ್ನು ಕೇಳಿದರೆ ಆ ಬೆಂಚೂ ಒಳ್ಳೆಯದೇ. ಅಮ್ಮನೂ ಬರುತ್ತಾರೆ ಅಂದಿದ್ದೆಯಲ್ಲ, ಅವರಿಗೆ ಮೊದಲು ನೆರಳಿರುವ ಬೆಂಚು ನೋಡು. ಬ್ಯಾಗು, ನೀರು, ಬದಲಿ ಬಟ್ಟೆ ಎಲ್ಲ ಅಲ್ಲೇ ಇರಲಿ. ಪುಟ್ಟಿಗೆ ಸಾಕಾದಾಗ ಅಜ್ಜಿಯ ತೊಡೆ ಸಿಗುತ್ತದೆ. ಅಮ್ಮನಿಗೂ ಊರೆಲ್ಲ ನಡೆಯುವುದು ತಪ್ಪುತ್ತದೆ.

ಇನ್ನು ಎತ್ತರದ ವಿಷಯ. ಪ್ರತಿ ಆಟದ ಮುಂದೆ ಅಳತೆಯ ಕಂಬ ನಿಲ್ಲಿಸಿರುತ್ತಾರೆ. ನಾಲ್ಕು ವರ್ಷದ ಮಕ್ಕಳು ಸುಮಾರಾಗಿ 103 ಸೆಂಟಿಮೀಟರ್ ಇರುತ್ತಾರೆ. ಚಿಕ್ಕ ಆಟಗಳಿಗೆ 90 ಇದ್ದರೆ ಸಾಕು ಅನ್ನುವುದುಂಟು, ದೊಡ್ಡವಕ್ಕೆ 120, 140 ಕೇಳುತ್ತಾರೆ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದುಕೋ. ಅರ್ಧ ಗಂಟೆ ಕ್ಯೂ ನಿಂತ ಮೇಲೆ ನೀನು ಇನ್ನೂ ಚಿಕ್ಕವಳು ಅಂತ ವಾಪಸ್ ಕಳಿಸಿದರೆ ಆ ಅಳು ನಿಲ್ಲಿಸುವುದು ಕಷ್ಟ. ದಪ್ಪ ಅಟ್ಟೆಯ ಶೂ ಹಾಕಿ ಒಳಗೆ ನುಗ್ಗಿಸುವವರನ್ನು ನೋಡಿದ್ದೇನೆ. ಅದು ಬೇಡವೇ ಬೇಡ. ತೊಡೆಯ ಮೇಲೆ ಬಂದು ಕೂರುವ ಆ ಕಂಬಿ ಇದೆಯಲ್ಲ, ಎಷ್ಟೋ ಆಟಗಳಲ್ಲಿ ಇಬ್ಬರಿಗೂ ಸೇರಿ ಒಂದೇ. ಪಕ್ಕದಲ್ಲಿ ಕೂತ ದೊಡ್ಡವರ ತೊಡೆಗೆ ತಾಗಿ ಅದು ನಿಂತುಬಿಡುತ್ತದೆ. ಆಗ ಮಗುವಿನ ತೊಡೆಗೂ ಕಂಬಿಗೂ ನಡುವೆ ದೊಡ್ಡ ಸಂದು ಉಳಿಯುತ್ತದೆ. ನಿನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದರೂ ಜೋರು ತಿರುವಿನಲ್ಲಿ ಕಂಬಿಯ ಕೆಲಸ ಮಾಡುವುದಿಲ್ಲ.

ಹತ್ತಲು ಆಗದಿದ್ದರೂ ನೋಡಬಹುದಲ್ಲ. ರೋಲರ್ ಕೋಸ್ಟರಿನ ಬೇಲಿಯ ಪಕ್ಕ ನಿಲ್ಲಿಸಿ ತೋರಿಸು. ಗಾಡಿ ಏರು ಹತ್ತುವಾಗ ಕಟ ಕಟ ಅಂತ ಸದ್ದು ಬರುತ್ತದೆ. ಗಾಡಿಯ ಕೆಳಗೆ ಒಂದು ಕಬ್ಬಿಣದ ಕೊಕ್ಕೆ ಇರುತ್ತದೆ, ಅದು ಹಳಿಯ ನಡುವಿನ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳುವ ಸದ್ದು ಅದು. ಎಳೆಯುವ ಚೈನು ತುಂಡಾದರೂ ಗಾಡಿ ಹಿಂದಕ್ಕೆ ಜಾರಬಾರದು ಅಂತ ಮಾಡಿರುವ ಏರ್ಪಾಟು. ತುದಿಗೆ ಹೋದ ಮೇಲೆ ಸದ್ದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಇಂಥ ಗಾಡಿಗಳಿಗೆ ಎಂಜಿನ್ನೂ ಇಲ್ಲ, ಏನೂ ಇಲ್ಲ, ಇಳಿಜಾರಿನ ವೇಗವೇ ಎಲ್ಲ. ನನ್ನ ಮಗ ಆ ಸದ್ದು ನಿಲ್ಲುವುದನ್ನೇ ಕಾಯುತ್ತಿದ್ದ. ನಿಂತ ತಕ್ಷಣ ಎರಡೂ ಕಿವಿ ಮುಚ್ಚಿಕೊಂಡು "ಈಗ ಕಿರುಚ್ತಾರೆ" ಅನ್ನುತ್ತಿದ್ದ. ಅದರಲ್ಲೇ ಬಹಳ ಹೊತ್ತು ಕಳೆಯಿತು. ಅಂದ ಹಾಗೆ, 1884ರಲ್ಲಿ ಅಮೆರಿಕದ ಕೋನಿ ಐಲ್ಯಾಂಡಿನಲ್ಲಿ ಜನ ಮುಗಿಬಿದ್ದು ಹತ್ತುತ್ತಿದ್ದ ಕೋಸ್ಟರಿನ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್ ಅಷ್ಟೆ. ಇವತ್ತಿನ ಮಕ್ಕಳ ಕೋಸ್ಟರೂ ಅದಕ್ಕಿಂತ ಜೋರಾಗಿ ಓಡುತ್ತದೆ. ಹಾಗಾಗಿ ಪುಟ್ಟಿ ಚಿಕ್ಕದರಲ್ಲಿ ಕೂತು ಬಂದು ನಾನು ರೋಲರ್ ಕೋಸ್ಟರ್ ಹತ್ತಿದೆ ಅಂದರೆ ನಗಬೇಡ, ಅವಳು ಹೇಳುವುದು ನಿಜವೇ.

ದೊಡ್ಡ ಆಟ ನಿಮಗೂ ಬೇಕಲ್ಲ. ಎಷ್ಟೋ ಪಾರ್ಕುಗಳಲ್ಲಿ ಒಬ್ಬರು ಹೋಗಿ ಬರುವ ತನಕ ಇನ್ನೊಬ್ಬರು ಮಗುವಿನ ಜೊತೆ ನಿಂತು, ಆಮೇಲೆ ಮತ್ತೆ ಕ್ಯೂ ನಿಲ್ಲದೆ ಹೋಗಲು ಬಿಡುತ್ತಾರೆ. ಕೇಳಿ ನೋಡು. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಕ್ಯೂ ಅಂದ ಮೇಲೆ ನೆನಪಾಯ್ತು. ಡೇವಿಡ್ ಮೈಸ್ಟರ್ ಅನ್ನುವವರು 1985ರಲ್ಲಿ ಕ್ಯೂ ನಿಲ್ಲುವವರ ಮನಸ್ಸಿನ ಬಗ್ಗೆ ಒಂದು ಲೇಖನ ಬರೆದಿದ್ದರು. ಸುಮ್ನೆ ನಿಂತ ಹೊತ್ತು ಉದ್ದ ಅನ್ನಿಸುತ್ತದೆ, ಏನಾದರೂ ಮಾಡುತ್ತಾ ನಿಂತರೆ ಚಿಕ್ಕದು ಅನ್ನಿಸುತ್ತದೆ ಅನ್ನುವುದು ಅದರಲ್ಲಿ ಒಂದು ಮಾತು. ಎಷ್ಟು ಹೊತ್ತು ಕಾಯಬೇಕು ಅಂತ ಗೊತ್ತಿಲ್ಲದಿದ್ದರೆ ಇನ್ನೂ ಕಷ್ಟ ಅನ್ನುವುದು ಇನ್ನೊಂದು. ನಾಲ್ಕು ವರ್ಷದ ಮಗುವಿಗೆ ಇಪ್ಪತ್ತು ನಿಮಿಷ ಅಂದರೆ ಏನೂ ಅರ್ಥ ಆಗುವುದಿಲ್ಲ. ಆ ಕೆಂಪು ಕಂಬ ದಾಟಬೇಕು, ಆಮೇಲೆ ಆ ಗಿಡ ದಾಟಬೇಕು, ಆಮೇಲೆ ನಮ್ಮ ಸರದಿ ಅಂತ ಹೇಳು. ಫೋನು ಕೈಗೆ ಕೊಡುವುದನ್ನು ಆದಷ್ಟು ತಡಮಾಡು. ಕೊಟ್ಟರೆ ವಾಪಸ್ ತೆಗೆದುಕೊಳ್ಳುವುದೇ ಒಂದು ಯುದ್ಧ, ಅದೂ ಸರಿಯಾಗಿ ಸರದಿ ಬಂದ ಹೊತ್ತಿಗೆ.

ಜಾರುಬಂಡೆ ನೋಡಿದರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರೋಣ, ಅದೇ ಕ್ಷೇಮ ಅನ್ನಿಸುತ್ತದೆ. ಅದು ಉಲ್ಟಾ. ಮಗುವಿನ ಶೂ ಬದಿಗೆ ಸಿಕ್ಕಿಕೊಂಡರೆ, ಒಂಟಿಯಾಗಿದ್ದಾಗ ತಾನೇ ನಿಂತುಬಿಡುತ್ತದೆ. ಹಿಂದೆ ದೊಡ್ಡವರ ಭಾರ ಇದ್ದರೆ ನಿಲ್ಲಲು ಆಗುವುದಿಲ್ಲ, ಕಾಲು ತಿರುಚಿ ಮೊಣಕಾಲ ಕೆಳಗಿನ ಮೂಳೆ ಮುರಿಯುತ್ತದೆ. ಮಕ್ಕಳ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತು. ಚಿಕ್ಕ ಜಾರುಬಂಡೆಗೆ ಅವಳೊಬ್ಬಳೇ ಹೋಗಲಿ, ನೀನು ಕೆಳಗೆ ನಿಲ್ಲು. ನೀರಿನ ಆಟದಲ್ಲಿ ಮಾತ್ರ ಕೈಗೆ ಸಿಗುವಷ್ಟು ಹತ್ತಿರ ಇರು, ನೀರು ಮೊಣಕಾಲುದ್ದವೇ ಇರಲಿ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಸದ್ದೇ ಇಲ್ಲದೆ ಆಗಿಹೋಗುತ್ತದೆ. ಲೈಫ್ ಗಾರ್ಡ್ ಇದ್ದಾರೆ ಅಂತ ಫೋನು ನೋಡುತ್ತಾ ಕೂರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಗೇಟಿನ ಹತ್ತಿರ ಪುಟ್ಟಿಯ ಒಂದು ಫೋಟೋ ತೆಗೆದಿಟ್ಟುಕೋ. ತಪ್ಪಿಸಿಕೊಂಡರೆ ಯಾವ ಬಣ್ಣದ ಫ್ರಾಕು ಅಂತ ಆ ಗಾಬರಿಯಲ್ಲಿ ನೆನಪೇ ಬರುವುದಿಲ್ಲ. ನಿನ್ನ ನಂಬರನ್ನು ಅವಳ ಮಣಿಕಟ್ಟಿನ ಮೇಲೆ ಪೆನ್ನಿನಲ್ಲಿ ಬರೆ. ಅಲ್ಲಿನ ಕೆಲಸಗಾರರ ಯೂನಿಫಾರ್ಮ್ ತೋರಿಸಿ, ನಾವು ಕಾಣದಿದ್ದರೆ ಇಂಥ ಬಟ್ಟೆಯವರ ಹತ್ತಿರ ಹೋಗಿ ನಿಂತುಕೋ ಅಂತ ಹೇಳಿಕೊಡು.

ದೊಡ್ಡ ತಲೆಯ ಬೊಂಬೆ ವೇಷ ಹಾಕಿಕೊಂಡವರು ಓಡಾಡುತ್ತಿರುತ್ತಾರೆ. ಎಷ್ಟೋ ಮಕ್ಕಳಿಗೆ ಅದು ಭಯ. ಮುಖ ನಗುತ್ತಲೇ ಇರುತ್ತದೆ, ಬಾಯಿ ಅಲುಗುವುದಿಲ್ಲ, ಕಣ್ಣು ಮಿಟುಕುವುದಿಲ್ಲ. ಭಯ ಆಗದಿದ್ದರೇ ಆಶ್ಚರ್ಯ. ಫೋಟೋಗಾಗಿ ಅಳುವ ಮಗುವನ್ನು ಆ ಕೈಗೆ ಕೊಡುವವರನ್ನು ಕಂಡರೆ ನನಗೆ ಆಗುವುದೇ ಇಲ್ಲ. ಪುಟ್ಟಿ ದೂರದಿಂದ ಟಾಟಾ ಮಾಡಿದರೆ ಸಾಕು.

ಗಿರಗಿರ ತಿರುಗುವ ಆಟಕ್ಕೆ ಅವಳಿಗಿಂತ ನೀನೇ ಜಾಸ್ತಿ ಹುಷಾರಾಗಿರು. ಇಂಥ ತಿರುಗಾಟ ನಾಲ್ಕು ವರ್ಷದವರಿಗೆ ಎಷ್ಟೋ ಸಲ ಏನೂ ಅನ್ನಿಸುವುದಿಲ್ಲ, ನಮ್ಮ ವಯಸ್ಸಿನವರಿಗೆ ಮಾತ್ರ ಹೊಟ್ಟೆ ತೊಳಸುತ್ತದೆ. ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಇನ್ನೊಂದು ಹೇಳುತ್ತದೆ, ತಲೆ ಕೆಡುತ್ತದೆ. ಇಳಿದ ಕೂಡಲೇ ಅವಳು "ಇನ್ನೊಂದ್ಸಲ" ಅನ್ನುತ್ತಾಳೆ. ಆ ಹೊತ್ತಿಗೆ ನಿನ್ನ ಹೆಂಡತಿಯನ್ನು ಮುಂದೆ ಮಾಡು.

ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಕೇಳಿದರೆ, ಪುಟ್ಟಿ ಇನ್ನೂ ನಗುತ್ತಿರುವಾಗಲೇ ಅನ್ನುತ್ತೇನೆ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಹಗಲಿನ ನಿದ್ದೆಯೂ ಸೇರಿ. ಅವಳು ಮಧ್ಯಾಹ್ನ ಮಲಗುವ ಮಗುವಾದರೆ ಆ ಹೊತ್ತಿಗೆ ಮಲಗಲಿ, ಅಜ್ಜಿಯ ಪಕ್ಕವೋ ತಳ್ಳುಗಾಡಿಯಲ್ಲೋ. ಎದ್ದ ಮೇಲೆ ಮನಸ್ಸಿದ್ದರೆ ಇನ್ನೊಂದು ಆಟ, ಇಲ್ಲದಿದ್ದರೆ ಮನೆ. ಕೊನೆಗೆ ಒಂದೇ ಒಂದು ಅಂತ ಎಳೆಯುವುದು ಸಾಮಾನ್ಯವಾಗಿ ನಾವೇ, ಮಕ್ಕಳಲ್ಲ.

ಪಾರ್ಕಿನವರ ವೆಬ್‌ಸೈಟಿನಲ್ಲಿ ಎತ್ತರದ ಪಟ್ಟಿ ಹಾಕಿರುತ್ತಾರೆ. ಪುಟ್ಟಿಯನ್ನು ಅಳೆದು, ಅವಳಿಗೆ ಸಿಗುವ ಆಟಗಳು ಯಾವುವು ಅಂತ ನೋಡಿ ನನಗೂ ಕಳಿಸು. ರಜೆ ಸಿಕ್ಕರೆ ನಾವೂ ಬರುತ್ತೇವೆ. ನನ್ನ ಮಗನಿಗೆ ಈಗ ದೊಡ್ಡ ಕೋಸ್ಟರಿಗೆ ಎರಡು ಬೆರಳಷ್ಟು ಎತ್ತರ ಕಡಿಮೆ. ದಿನಾ ಗೋಡೆಗೆ ಒರಗಿ ನಿಂತು ಅಳೆಸಿಕೊಳ್ಳುತ್ತಿದ್ದಾನೆ.

ಇಂತಿ ನಿನ್ನ
ಗೆಳೆಯ