ಹೃದಯಕ್ಕೆ ಮಣಿಕಟ್ಟಿನಿಂದ ಸ್ಟೆಂಟ್ ಹಾಕುತ್ತೀರಿ, ಕಾಲಿಗೆ ಯಾಕಿಲ್ಲ?

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ ಸಾರ್. ನಾನು ತಿಪಟೂರು ಕಡೆಯ ರೈತರೊಬ್ಬರ ಮಗಳು. ಎರಡು ವರ್ಷ ತಡೆದುಕೊಂಡು ಈಗ ಬರೆಯುತ್ತಿದ್ದೇನೆ.

ಅಪ್ಪನಿಗೆ 66 ವರ್ಷ. ಬೀಡಿ ಸೇದುತ್ತಿದ್ದರು, ಸಕ್ಕರೆ ಕಾಯಿಲೆಯೂ ಇದೆ. ತೋಟದಲ್ಲಿ ನೂರು ಹೆಜ್ಜೆ ಹಾಕಿದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಂತರೆ ಸರಿಹೋಗುತ್ತಿತ್ತು, ನಡೆದರೆ ಮತ್ತೆ ಅದೇ. ವಾಯು ಅಂದರು, ವಯಸ್ಸು ಅಂದರು. ಕಾಲಿನ ರಕ್ತನಾಳ ಕಿರಿದಾಗಿದೆ ಅಂತ ಗೊತ್ತಾಗೋಕೆ ಒಂದು ವರ್ಷ ಹಿಡಿಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ತೊಡೆಸಂದಿನ ರಕ್ತನಾಳಕ್ಕೆ ಚುಚ್ಚಿ, ಅಲ್ಲಿಂದ ತೂರಿಸಿ ಬಲಗಾಲಿಗೆ ಸ್ಟೆಂಟ್ ಹಾಕಿದರು, ಅಂದರೆ ಕಿರಿದಾದ ನಾಳ ತೆರೆದಿಡೋ ಸಣ್ಣ ಜಾಲರಿ ಕೊಳವೆ. ಆರು ಗಂಟೆ ಕಾಲು ಮಡಚದೆ ಮಲಗಬೇಕಿತ್ತು. ಅಪ್ಪನಿಗೆ ಕೆಮ್ಮು. ರಾತ್ರಿ ಜೋರಾಗಿ ಕೆಮ್ಮಿದಾಗ ಚುಚ್ಚಿದ ಜಾಗ ಬಿಟ್ಟುಕೊಂಡಿತು. ಹಾಸಿಗೆಯೆಲ್ಲ ರಕ್ತ. ತೊಡೆ ಊದಿ ಕಪ್ಪಾಯಿತು. ನರ್ಸಮ್ಮ ಒಬ್ಬರೇ ಮುಕ್ಕಾಲು ಗಂಟೆ ಕೈ ಒತ್ತಿ ಹಿಡಿದು ನಿಂತಿದ್ದರು. ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಪಕ್ಕದ ಹಾಸಿಗೆಯವರಿಗೆ ಅವತ್ತೇ ಮಣಿಕಟ್ಟಿನಿಂದ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಅವರು ಸಂಜೆಗೇ ಎದ್ದು ಬಚ್ಚಲಿಗೆ ನಡೆದುಹೋದರು. ಅದನ್ನು ಅಪ್ಪ ಇವತ್ತಿಗೂ ಹೇಳುತ್ತಾರೆ.

ಈಗ ಎಡಗಾಲಿನ ಸರದಿ. ಮಣಿಕಟ್ಟಿನಿಂದ ಆಗಲ್ವಾ ಅಂತ ಡಾಕ್ಟರನ್ನು ಕೇಳಿದೆ. ಎಲ್ಲರಿಗೂ ಆಗಲ್ಲ, ಕೈನಾಳ ತೀರಾ ಸಣ್ಣದಿದ್ದರೆ, ಆಳು ತುಂಬಾ ಎತ್ತರವಿದ್ದರೆ ಕಷ್ಟ, ನಿಮ್ಮಪ್ಪನಿಗೆ ಆಗುತ್ತೆ ಅಂದರು. ಆದರೆ ಎಡಗೈ ಮಣಿಕಟ್ಟಿನಿಂದ ತೊಡೆಯವರೆಗೆ ಮುಟ್ಟೋಕೆ ಒಂದೂವರೆ ಮೀಟರ್ ಅಥವಾ ಅದಕ್ಕಿಂತ ಉದ್ದದ ಸಾಮಾನು ಬೇಕು. ಅದು ಅಲ್ಲಿಲ್ಲ. ಖಾಸಗಿಗೆ ಹೋಗಿ ಅಂದರು.

1992ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಣಿಕಟ್ಟಿನಿಂದ ಹೋಗಿ ಹೃದಯದ ಕಿರಿದಾದ ನಾಳ ಬಿಡಿಸಿದ್ದರು. ನಮ್ಮ ಡಾಕ್ಟರುಗಳಿಗೂ ಆ ದಾರಿ ದಿನನಿತ್ಯದ ಕೆಲಸ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ ಅನ್ನೋದು ನಿಮಗೆ ನಾನು ಹೇಳಬೇಕಾದ್ದಲ್ಲ. ಆದರೆ ನಾಳ ಅಗಲಿಸೋ ಬಲೂನು, ಸ್ಟೆಂಟ್ ಕಾಲಿನವರೆಗೆ ತಲುಪಿಸೋ ಅಷ್ಟು ಉದ್ದದ ಸಾಮಾನು ಕಪಾಟಿನಲ್ಲೇ ಇಲ್ಲದಿದ್ದರೆ ಆ ಕಾರ್ಡ್ ಹಿಡಿದುಕೊಂಡು ಏನು ಮಾಡಲಿ ಸಾರ್?

ಸರ್ಕಾರಿ ಹೃದ್ರೋಗ ವಿಭಾಗಗಳಿಗೆ ಆ ಉದ್ದದ ಸಾಮಾನು ತರಿಸಿಕೊಡಿ. ಡಾಕ್ಟರುಗಳಿಗೆ ಕಾಲಿನ ನಾಳಕ್ಕೂ ತರಬೇತಿ ಕೊಡಿಸಿ. ಯಾರಿಗೆ ಕೈ, ಯಾರಿಗೆ ತೊಡೆ ಅಂತ ಅವರೇ ನೋಡಿ ಹೇಳಲಿ, ಖಾಲಿ ಕಪಾಟು ಹೇಳೋದು ಬೇಡ. ಮತ್ತೆ ಕೇಳುತ್ತೇನೆ, ಆ ಸಾಮಾನು ತರಿಸಿಕೊಡಿ.

ಹೀಗೇ ಬಿಟ್ಟರೆ ಮುಂದೆ ಕಾಲಿಗೆ ಒಂದು ಗಾಯವಾದರೂ ಒಣಗಲ್ಲ, ಬೆರಳು ತೆಗೆಯಬೇಕಾಗಬಹುದು ಅಂತ ಡಾಕ್ಟರ್ ಎಚ್ಚರಿಸಿದ್ದಾರೆ. ಅಪ್ಪ ಮಾತ್ರ ತೊಡೆಗೆ ಚುಚ್ಚೋದಾದರೆ ನಾನು ಬರಲ್ಲ ಅಂತ ಜಗಲಿ ಮೇಲೆ ಕೂತಿದ್ದಾರೆ.

ಇಂತಿ,
ತಿಪಟೂರು ತಾಲ್ಲೂಕಿನ ಒಬ್ಬ ಮಗಳು