ಡೆಸ್ಕ್‌ಟಾಪ್ ಆ್ಯಪ್ ಕಲಿಯುತ್ತಿರುವ ಹೊಸಬರಿಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಲಬುರಗಿ ಗುಂಪಿನಲ್ಲಿ ಹೊಸಬರು ಮತ್ತೆ ಮತ್ತೆ ಕೇಳುವುದಕ್ಕೆ ಒಂದೇ ಕಡೆ ಉತ್ತರ ಬರೆಯುತ್ತಿದ್ದೇನೆ.

ಯಾವ ಪ್ರೋಗ್ರಾಮಿಂಗ್ ಭಾಷೆ? ಪೈಥಾನ್ ಗೊತ್ತಿದ್ದರೆ ಅದೇ ಸಾಕು. ವಿಂಡೋಸ್‌ನಲ್ಲಿ ಪೈಥಾನ್ ಹಾಕಿದರೆ ವಿಂಡೋ, ಬಟನ್ ಮಾಡಲು ಬೇಕಾದ ಟಿಕಿಂಟರ್ ಲೈಬ್ರರಿ ಜೊತೆಗೇ ಬರುತ್ತದೆ. ಇದನ್ನೇ ಯೋಚಿಸುತ್ತಾ ಸುಮ್ನೆ ದಿನ ಕಳೆಯಬೇಡಿ.

ಎಲ್ಲರೂ ಸಿಕ್ಕಿಬೀಳುವುದು ಬೇರೆ ಕಡೆ. ಬಟನ್ ಒತ್ತಿದ ಕೂಡಲೇ ವಿಂಡೋ ನಿಂತುಬಿಡುತ್ತದೆ, 'ನಾಟ್ ರೆಸ್ಪಾಂಡಿಂಗ್' ಅಂತ ಬರುತ್ತದೆ, ಅಲ್ವಾ? ಗಂಜ್‌ನ ಒಂದು ತೊಗರಿ ಅಂಗಡಿಗೆ ನಾನು ಬಿಲ್ಲಿನ ಪ್ರೋಗ್ರಾಂ ಬರೆದಾಗ ಇದೇ ಆಯಿತು. ವರ್ಷದ ಲೆಕ್ಕ ಕೂಡಿಸುವಾಗ ಪರದೆ ಅಲ್ಲಾಡಲಿಲ್ಲ. ಮಾಲೀಕರು ಗಾಬರಿಯಾಗಿ ಕಂಪ್ಯೂಟರನ್ನೇ ಆಫ್ ಮಾಡಿದರು. ನನಗೆ ತುಂಬಾ ಬೇಜಾರಾಯಿತು. ಕ್ಲಿಕ್, ಟೈಪಿಂಗ್, ಪರದೆ ಬಿಡಿಸುವುದು ಎಲ್ಲವನ್ನೂ ಒಂದೇ ಥ್ರೆಡ್ (ಪ್ರೋಗ್ರಾಂ ಒಳಗೆ ಒಂದಾದ ಮೇಲೊಂದು ಕೆಲಸ ಮಾಡುವ ಸಾಲು) ನೋಡಿಕೊಳ್ಳುತ್ತದೆ. ಆ ಥ್ರೆಡ್‌ಗೇ ದೊಡ್ಡ ಕೆಲಸ ಹಚ್ಚಿದರೆ ಉಳಿದದ್ದೆಲ್ಲ ಕಾಯಬೇಕು. ಭಾರದ ಕೆಲಸ ಬೇರೆ ಥ್ರೆಡ್‌ಗೆ ಕೊಡಿ. ಆದರೆ ಅಲ್ಲಿಂದ ಬಟನ್, ಲೇಬಲ್ ಮುಟ್ಟಬೇಡಿ. ಉತ್ತರವನ್ನು ಕ್ಯೂನಲ್ಲಿ, ಅಂದರೆ ಥ್ರೆಡ್‌ಗಳು ಡೇಟಾ ದಾಟಿಸುವ ಸರತಿಯಲ್ಲಿ, ಹಾಕಿ. ಮುಖ್ಯ ಥ್ರೆಡ್ ಟಿಕಿಂಟರ್‌ನ 'ಆಫ್ಟರ್' (ಇಷ್ಟು ಹೊತ್ತಿನ ನಂತರ ಈ ಕೆಲಸ ಮಾಡು ಎನ್ನುವ ಆದೇಶ) ಬಳಸಿ 100 ಮಿಲಿಸೆಕೆಂಡಿಗೊಮ್ಮೆ ನೋಡಿ ಎತ್ತಿಕೊಳ್ಳಲಿ.

ಡೇಟಾಗೆ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ಸಾಕು, ಎಲ್ಲ ಒಂದೇ ಫೈಲಿನಲ್ಲಿ ಇರುತ್ತದೆ. ಆ ಫೈಲನ್ನು ವಿಂಡೋಸ್‌ನ ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಒಳಗೆ ಇಡಬೇಡಿ. ಸಾಮಾನ್ಯ ಬಳಕೆದಾರರಿಗೆ ಅಲ್ಲಿ ಬರೆಯುವ ಅನುಮತಿ ಇರುವುದಿಲ್ಲ. ಪ್ರತಿ ಬಳಕೆದಾರರಿಗೂ ಇರುವ ಆ್ಯಪ್‌ಡೇಟಾ ಫೋಲ್ಡರ್ ಸರಿಯಾದ ಜಾಗ.

ಪೈಥಾನ್ ಪ್ರೋಗ್ರಾಂ ಅನ್ನು ಪೈಥಾನ್ ಇಲ್ಲದೆಯೂ ಓಡುವ ಫೈಲ್ ಮಾಡಿಕೊಡುವ ಪೈಇನ್‌ಸ್ಟಾಲರ್ ಬಗ್ಗೆ ಕೇಳಿದವರಿಗೆ: ವಿಂಡೋಸ್‌ಗೆ ಇಎಕ್ಸ್‌ಇ (ನೇರವಾಗಿ ಓಡುವ ಫೈಲ್) ಬೇಕಿದ್ದರೆ ವಿಂಡೋಸ್‌ನಲ್ಲೇ ಮಾಡಬೇಕು. ಕೊಡುವ ಮೊದಲು ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲಿ ಒಮ್ಮೆ ಓಡಿಸಿ ನೋಡಿ.

ಎರರ್ ಬಂದರೆ ಪರದೆಯ ಫೋಟೋ ಬೇಡ. ಅಕ್ಷರಗಳನ್ನೇ ಪೂರ್ತಿ ಕಾಪಿ ಮಾಡಿ ಇಲ್ಲಿ ಹಾಕಿ, ರಾತ್ರಿ ಕೂತು ನೋಡುತ್ತೇನೆ.